ಒಗ್ಗರಣೆ-ಮಿರ್ಚಿ ಜೊತೆ ಅಮೆರಿಕದ ಫುಟ್‌ಬಾಲ್: ಬಳ್ಳಾರಿಯ ಒಂದು ಬೆಳಗಿನ ಹೋಟೆಲ್

ಈ ಹೋಟೆಲ್‌ಗೆ ಬೋರ್ಡ್ ಇಲ್ಲ, ಹಾಗಾಗಿ ಹೆಸರು ಕೇಳಬೇಡಿ. ಬಳ್ಳಾರಿಯ ಕೌಲ್ ಬಜಾರ್ ಕಡೆ, ಜೀನ್ಸ್ ಹೊಲಿಯುವ ಮನೆಗಳಿರುವ ಒಂದು ಗಲ್ಲಿಗೆ ಬೆಳಿಗ್ಗೆ ಐದೂವರೆಗೆ ಹೋಗಿ. ಎಲ್ಲಿ ಕಾದ ಎಣ್ಣೆ ವಾಸನೆ ಬರುತ್ತದೋ, ಎಲ್ಲಿ ಬೈಕ್‌ಗಳು ಅಡ್ಡಾದಿಡ್ಡಿ ನಿಂತಿರುತ್ತವೋ, ಅದೇ. ನಡೆಸುವವರು ಗಂಡ ಹೆಂಡತಿ. ಅಣ್ಣ ಗಲ್ಲಾ ಮತ್ತು ಟೀ ನೋಡಿಕೊಳ್ಳುತ್ತಾರೆ, ಅಕ್ಕ ಬಾಣಲಿ ಮುಂದೆ ನಿಂತಿರುತ್ತಾರೆ. ಯಜಮಾನಿಕೆ ಯಾರದ್ದು ಅಂತ ಹೋದ ಐದು ನಿಮಿಷಕ್ಕೆ ನಿಮಗೇ ಗೊತ್ತಾಗುತ್ತದೆ.

ನಂದು ರಾತ್ರಿ ಪಾಳಿ ಕೆಲಸ. ಅಮೆರಿಕದ ಗ್ರಾಹಕರ ದೂರು ಕೇಳುವುದು, ಮನೆಯಿಂದಲೇ. ಬೆಳಗಿನ ಜಾವ ಐದಕ್ಕೆ ಹೆಡ್‌ಫೋನ್ ತೆಗೆದಿಟ್ಟಾಗ ಹೊಟ್ಟೆ ಎಷ್ಟು ಹಸಿದಿರುತ್ತದೆ ಅಂದರೆ ಗೋಡೆಯನ್ನೂ ತಿನ್ನಬಹುದು. ಹಾಗೆ ಶುರುವಾದ ಅಭ್ಯಾಸ ಇದು. ಈಗ ಎರಡು ಚಳಿಗಾಲ ಕಳೆದಿವೆ. ಬಳ್ಳಾರಿಗೆ ಚಳಿಗಾಲ ಎಲ್ಲಿದೆ ಅಂತ ನಗಬೇಡಿ, ಜನವರಿ ಬೆಳಿಗ್ಗೆ ಬೈಕ್ ಮೇಲೆ ಬಂದು ನೋಡಿ.

ಮೊದಲು ತಿಂಡಿ. ಇಲ್ಲಿ ತಿನ್ನಬೇಕಾದ್ದು ಒಗ್ಗರಣೆ-ಮಿರ್ಚಿ. ಇಡ್ಲಿ ಪೂರಿ ಕೂಡ ಇದೆ, ಸುಮ್ನೆ ಇದೆ, ಅದರ ತಂಟೆಗೆ ಹೋಗಬೇಡಿ. ಹೊರಗಿನವರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ, ನಮ್ಮ ಕಡೆ ಒಗ್ಗರಣೆ ಅಂದರೆ ಸಾರಿಗೆ ಹಾಕುವ ಒಗ್ಗರಣೆ ಅಲ್ಲ. ಮಂಡಾಳು, ಅಂದರೆ ಮಂಡಕ್ಕಿ, ನೀರಲ್ಲಿ ನೆನೆಸಿ, ಹಿಂಡಿ, ಈರುಳ್ಳಿ ಹಸಿಮೆಣಸಿನಕಾಯಿ ಹುರಿದ ಬಾಣಲಿಗೆ ಹಾಕಿ ಕಲಸಿ, ಮೇಲೆ ಪುಠಾಣಿ (ಹುರಿಗಡಲೆ) ಪುಡಿ ಉದುರಿಸಿ ನಿಂಬೆಹಣ್ಣು ಹಿಂಡಿದರೆ ಅದೇ ಒಗ್ಗರಣೆ. ಗಡಿ ದಾಟಿ ಆಂಧ್ರಕ್ಕೆ ಹೋದರೆ ಇದನ್ನೇ ಉಗ್ಗಾಣಿ ಅಂತಾರೆ. ಎಲ್ಲ ಇರುವುದು ಆ ಹಿಂಡುವುದರಲ್ಲಿ. ಒಂದು ಕ್ಷಣ ಜಾಸ್ತಿ ನೆನೆದರೆ ಮುದ್ದೆ, ಕಮ್ಮಿ ನೆನೆದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಕ್ಕನ ಕೈಯಲ್ಲಿ ನಾನು ಒಂದು ದಿನವೂ ಮುದ್ದೆ ತಿಂದಿಲ್ಲ. ಮಿರ್ಚಿ ಬಜ್ಜಿ ಮೆಣಸಿನಕಾಯಿಯದ್ದು, ಸೀಳಿ ಒಳಗೆ ಅಜವಾನ, ಉಪ್ಪು, ಸ್ವಲ್ಪ ಹುಣಸೆ ಸವರಿರುತ್ತಾರೆ. ಬೆಳಗಿನ ಮೊದಲ ಒಬ್ಬೆಯ ಮಿರ್ಚಿ ಸಿಕ್ಕರೆ ನಿಮ್ಮ ದಿನ ಚೆನ್ನಾಗಿರುತ್ತದೆ. ಒಗ್ಗರಣೆ ಜೊತೆ ಎರಡು ಮಿರ್ಚಿ ಸೇರಿ ಐವತ್ತು ರೂಪಾಯಿ.

ಈಗ ಟಿವಿ ವಿಷಯ. ಇದಕ್ಕೇ ನಾನು ಇಷ್ಟುದ್ದ ಬರೆಯಲು ಕೂತಿದ್ದು.

ನನ್ನ ಚಿಕ್ಕಪ್ಪನ ಮಗ ಅಮೆರಿಕದ ಕೊಲಂಬಸ್‌ನಲ್ಲಿ ಎಂಎಸ್ ಓದಲು ಹೋದ. ಓಹಾಯೋ ಸ್ಟೇಟ್ ಯೂನಿವರ್ಸಿಟಿ. ಹೋದ ಎರಡೇ ತಿಂಗಳಿಗೆ ಫೋನಿನಲ್ಲಿ ಓದಿನ ಮಾತು ನಿಂತು ಫುಟ್‌ಬಾಲ್ ಮಾತು ಶುರುವಾಯಿತು. ನಾವು ಆಡುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಚೆಂಡು ಕೈಯಲ್ಲಿ ಹಿಡಿದು ಓಡುವ ಅವರ ಫುಟ್‌ಬಾಲ್. ಕಾಲೇಜು ಹುಡುಗರ ಆಟ. ಅದನ್ನು ನೋಡಲು ಅವರ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ. ನಮ್ಮ ಕಾಲೇಜಿನ ಮ್ಯಾಚಿಗೆ ಪಿಟಿ ಮೇಷ್ಟ್ರು ಮತ್ತು ಎರಡು ನಾಯಿ ಬರುತ್ತಿದ್ದವು. ಹಂಗಾಗಿ ನನಗೆ ಮೊದಲು ನಂಬಿಕೆಯೇ ಬರಲಿಲ್ಲ, ಆಮೇಲೆ ಚಟ ಹತ್ತಿತು. ಅಲ್ಲಿ ರಾತ್ರಿ ಎಂಟಕ್ಕೆ ಶುರುವಾಗುವ ಮ್ಯಾಚ್ ಡಿಸೆಂಬರ್‌ನಲ್ಲಿ ನಮಗೆ ಬೆಳಿಗ್ಗೆ ಆರೂವರೆ. ನನ್ನ ಪಾಳಿ ಮುಗಿದಿರುತ್ತದೆ, ಅಕ್ಕನ ಎಣ್ಣೆ ಕಾದಿರುತ್ತದೆ. ಲ್ಯಾಪ್‌ಟಾಪ್‌ನಿಂದ ಟಿವಿಗೆ ಒಂದು ತಂತಿ ಎಳೆದೆ. ಅಣ್ಣ ಬೇಡ ಅನ್ನಲಿಲ್ಲ. ಅಕ್ಕ ಹತ್ತು ನಿಮಿಷ ನೋಡಿ, "ಇದು ಕಬಡ್ಡಿಗೆ ಚೆಂಡು ಕೊಟ್ಟಂಗೈತಿ ನೋಡಪಾ" ಅಂದರು. ಇದಕ್ಕಿಂತ ಚೆನ್ನಾಗಿ ಯಾರೂ ಆ ಆಟವನ್ನು ನನಗೆ ವಿವರಿಸಿಲ್ಲ.

ಮೂಲೆಯ ಟೇಬಲ್‌ನಲ್ಲಿ ನಾವು ಮೂರು ಜನ ಕಾಯಂ. ನಾನು, ಜೀನ್ಸ್ ಯುನಿಟ್ ನಡೆಸುವ ಒಬ್ಬ ಗೆಳೆಯ, ಮತ್ತೆ ರಿಟೈರ್ ಆದ ಒಬ್ಬ ಪಿಟಿ ಮೇಷ್ಟ್ರು. ಮೇಷ್ಟ್ರು ಹೇಳದೆ ಕೇಳದೆ ನಮ್ಮ ಟೇಬಲ್‌ಗೆ ಬಂದು ಕೂತವರು, ಈಗ ಅವರಿಲ್ಲದೆ ಮ್ಯಾಚ್ ಹಾಕುವುದಿಲ್ಲ. ಜಗಳ ನಡೆಯುವುದು ಒಂದೇ ವಿಷಯಕ್ಕೆ: ಪ್ಲೇಆಫ್‌ಗೆ, ಅಂದರೆ ಸೀಸನ್ ಕೊನೆಯ ನಾಕೌಟ್‌ಗೆ, ಎಷ್ಟು ಟೀಮ್ ಇರಬೇಕು?

ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಅಲ್ಲಿ ಮೇಲಿನ ದರ್ಜೆಯಲ್ಲೇ 130ಕ್ಕೂ ಜಾಸ್ತಿ ಕಾಲೇಜು ಟೀಮ್ ಇವೆ. ಒಂದೊಂದು ಟೀಮ್ ಸೀಸನ್‌ಗೆ ಆಡುವುದು ಬರೀ 12 ಮ್ಯಾಚ್. ಎಲ್ಲರೂ ಎಲ್ಲರ ಜೊತೆ ಆಡಲು ಸಾಧ್ಯವೇ ಇಲ್ಲ. ಐಪಿಎಲ್ ಥರ ಪಾಯಿಂಟ್ಸ್ ಪಟ್ಟಿ ನೋಡಿ ಮೇಲಿನ ನಾಲ್ಕನ್ನು ತೆಗೆದುಕೊಳ್ಳಿ ಅನ್ನುವ ಹಾಗಿಲ್ಲ. ಅದಕ್ಕೆ 13 ಜನರ ಕಮಿಟಿ ಒಂದು ಕೋಣೆಯಲ್ಲಿ ಕೂತು ರ‍್ಯಾಂಕ್ ಕೊಡುತ್ತದೆ. 1998ರಿಂದ 2013ರವರೆಗೆ ಕಂಪ್ಯೂಟರ್ ಲೆಕ್ಕ, ಓಟು ಎಲ್ಲ ಕೂಡಿಸಿ ಎರಡೇ ಟೀಮ್ ಆರಿಸಿ ಫೈನಲ್ ಆಡಿಸುತ್ತಿದ್ದರು. 2014ರ ಸೀಸನ್‌ನಿಂದ ನಾಲ್ಕು. 2024ರಿಂದ ಹನ್ನೆರಡು. ಈಗ ಹದಿನಾರು ಮಾಡಬೇಕು, ಇಲ್ಲ ಇಪ್ಪತ್ನಾಲ್ಕು ಮಾಡಬೇಕು ಅಂತ ದೊಡ್ಡ ಲೀಗ್‌ಗಳು, ಅಂದರೆ ಈ ಕಾಲೇಜು ಟೀಮ್‌ಗಳ ಗುಂಪುಗಳು, ಎಳೆದಾಡುತ್ತಿವೆ.

ಅಣ್ಣನ ಪ್ರಕಾರ ನಾಲ್ಕೇ ಸರಿ ಇತ್ತು. ಟೀ ಸೋಸುತ್ತಾ ಅವರು ಕೇಳಿದ್ದು ಇಷ್ಟೇ, "ಹನ್ನೆರಡನೇ ಟೀಮ್ ಗೆದ್ದರೆ ಮೊದಲನೇದು ಮೂರು ತಿಂಗಳು ಒದ್ದಾಡಿದ್ದು ಯಾತಕ್ಕೆ?"

ಆಗ ನಾನು 2023ರ ಕಥೆ ಹೇಳಿದೆ. ಫ್ಲೋರಿಡಾ ಸ್ಟೇಟ್ ಅಂತ ಒಂದು ಟೀಮ್. ಹದಿಮೂರಕ್ಕೆ ಹದಿಮೂರು ಮ್ಯಾಚ್ ಗೆದ್ದಿತು. ಅವರ ಲೀಗ್‌ನ ಚಾಂಪಿಯನ್ ಕೂಡ. ಆದರೆ ಅವರ ಮುಖ್ಯ ಆಟಗಾರ, ಕ್ವಾರ್ಟರ್‌ಬ್ಯಾಕ್, ನವೆಂಬರ್‌ನಲ್ಲಿ ಕಾಲಿಗೆ ಪೆಟ್ಟು ಮಾಡಿಕೊಂಡಿದ್ದ. ಕಮಿಟಿಯವರು, ಈಗ ಇದು ಮೊದಲಿನ ಟೀಮ್ ಅಲ್ಲ ಅಂತ ಹೇಳಿ ಅವರನ್ನು ಐದನೆಯವರನ್ನಾಗಿ ಮಾಡಿ, ಒಂದು ಮ್ಯಾಚ್ ಸೋತಿದ್ದ ಅಲಬಾಮಾವನ್ನು ನಾಲ್ಕನೇ ಜಾಗಕ್ಕೆ ತಂದರು. ಒಂದೂ ಸೋಲದ ಟೀಮ್ ಹೊರಗೆ! ಅಕ್ಕ ಜಾಲರಿ ಸೌಟು ಎತ್ತಿ ಹಿಡಿದುಕೊಂಡೇ ತಿರುಗಿದರು. "ಅಲ್ಲಪಾ, ಸೋತೇ ಇಲ್ಲ ಅಂತೀಯ, ಮತ್ತೆ ಹೊರಗ ಹೆಂಗೆ ಹಾಕ್ತಾರೆ?" ಅವತ್ತು ಒಂದು ಒಬ್ಬೆ ಮಿರ್ಚಿ ಸ್ವಲ್ಪ ಕಪ್ಪಾಯಿತು, ಅದಕ್ಕೆ ನಾನೇ ಕಾರಣ. ಅಣ್ಣ ಮಾತ್ರ ಇವತ್ತಿಗೂ ನಾಲ್ಕೇ ಅನ್ನುತ್ತಾರೆ, ದನಿ ಸ್ವಲ್ಪ ಕಮ್ಮಿಯಾಗಿದೆ ಅಷ್ಟೇ.

ಹನ್ನೆರಡು ಟೀಮಿನ ಮೊದಲ ವರ್ಷವನ್ನು ನಾವು ಇಲ್ಲೇ ಕೂತು ನೋಡಿದೆವು. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಮೊದಲ ಸುತ್ತು. ಯಾಕೆ ಅಂದರೆ ಅದು ಯಾವುದೋ ಬಾಡಿಗೆ ಸ್ಟೇಡಿಯಂನಲ್ಲಿ ನಡೆಯುವುದಿಲ್ಲ, ರ‍್ಯಾಂಕ್‌ನಲ್ಲಿ ಮೇಲಿರುವ ಕಾಲೇಜಿನ ಸ್ವಂತ ಮೈದಾನದಲ್ಲೇ ನಡೆಯುತ್ತದೆ. ಡಿಸೆಂಬರ್ 22ರ ಭಾನುವಾರ ಬೆಳಿಗ್ಗೆ ಓಹಾಯೋ ಸ್ಟೇಟ್ ಟೆನೆಸ್ಸಿಯನ್ನು 42-17ರಲ್ಲಿ ಚಚ್ಚಿತು. ಮೂಳೆ ಕೊರೆಯುವ ಚಳಿ, ಜನರ ಬಾಯಿಂದ ಹಬೆ, ನಮ್ಮ ಬಾಯಿಂದ ಮಿರ್ಚಿಯ ಖಾರಕ್ಕೆ ಹಬೆ. ನಮ್ಮ ಹುಡುಗ ಸ್ಟೇಡಿಯಂನಿಂದ ಕಳಿಸಿದ ವಿಡಿಯೊದಲ್ಲಿ ಅವನ ಮುಖವೇ ಕಾಣುತ್ತಿರಲಿಲ್ಲ, ಮಫ್ಲರ್ ಮಾತ್ರ. ಆ ವರ್ಷ ಮೊದಲ ಸುತ್ತಿನ ನಾಲ್ಕೂ ಮ್ಯಾಚ್ ಮನೆ ಟೀಮ್‌ಗಳೇ ಗೆದ್ದವು, ಒಂದೂ ಹತ್ತಿರದ ಮ್ಯಾಚ್ ಆಗಲಿಲ್ಲ. ಅದನ್ನೇ ಹಿಡಿದುಕೊಂಡು ಅಲ್ಲಿ ಜನ, ನೋಡಿ, ಯೋಗ್ಯತೆ ಇಲ್ಲದವರನ್ನು ಸೇರಿಸಿದಿರಿ ಅಂತ ಗಲಾಟೆ ಮಾಡಿದರಂತೆ. ಮುಂದಿನ ವರ್ಷ ಮಯಾಮಿ ಟೀಮ್ ಟೆಕ್ಸಾಸ್ ಎ ಆ್ಯಂಡ್ ಎಂ ಮೈದಾನಕ್ಕೇ ಹೋಗಿ 10-3ರಲ್ಲಿ ಗೆದ್ದು ಬಂತು. ಅವರ ಬಾಯಿ ಮುಚ್ಚಿತಾ? ಇಲ್ಲ, ಬೇರೆ ಕಾರಣ ಸಿಕ್ಕಿತು.

ಮೇಷ್ಟ್ರ ತಕರಾರು ಬೇರೆ. ಅವರು ಮೂವತ್ತು ವರ್ಷ ಕಬಡ್ಡಿ, ವಾಲಿಬಾಲ್ ಟೂರ್ನಮೆಂಟ್ ನಡೆಸಿದವರು. ಕಾಗದದ ಮೇಲೆ ಗೀಟು ಎಳೆದು ಡ್ರಾ ಹಾಕುವುದು ಅವರಿಗೆ ಊಟ ಮಾಡಿದಷ್ಟೇ ಸಲೀಸು. "ಹನ್ನೆರಡು ಅನ್ನೋದೇ ಕೆಟ್ಟ ಸಂಖ್ಯೆ" ಅನ್ನುತ್ತಾರೆ. ಎಂಟು, ಹದಿನಾರು, ಮೂವತ್ತೆರಡು ಇದ್ದರೆ ಸರಿಯಾಗಿ ಜೋಡಿಯಾಗುತ್ತದೆ. ಹನ್ನೆರಡು ಇದ್ದರೆ ನಾಲ್ಕು ಟೀಮ್‌ಗೆ ಬೈ ಕೊಡಲೇಬೇಕು. ಬೈ ಅಂದರೆ ಮೊದಲ ಸುತ್ತು ಆಡದೆ ನೇರ ಎರಡನೇ ಸುತ್ತಿಗೆ. ಕೇಳಲು ಲಾಭ ಅನಿಸುತ್ತದೆ. ಮೇಷ್ಟ್ರು ಹೇಳುವುದು, ಬೈ ಸಿಕ್ಕ ಟೀಮಿನ ಮೈ ತಣ್ಣಗಾಗಿರುತ್ತದೆ, ಆಡಿ ಬಂದವನ ಮೈ ಬಿಸಿ ಇರುತ್ತದೆ. ನಾವು ನಕ್ಕೆವು. 2024ರ ಸೀಸನ್‌ನಲ್ಲಿ ಬೈ ಸಿಕ್ಕ ನಾಲ್ಕೂ ಟೀಮ್ ಸೋತವು. ಆರೆಗನ್, ಜಾರ್ಜಿಯಾ, ಬಾಯ್ಸಿ ಸ್ಟೇಟ್, ಆರಿಝೋನಾ ಸ್ಟೇಟ್, ನಾಲ್ಕೂ. ಮುಂದಿನ ವರ್ಷ ಮತ್ತೆ ನಾಲ್ಕರಲ್ಲಿ ಮೂರು ಸೋತವು. ಎರಡು ವರ್ಷಕ್ಕೆ ಎಂಟು ಬೈ, ಏಳು ಸೋಲು. ಈಗ ಮೇಷ್ಟ್ರ ಮುಂದೆ ಯಾರೂ ನಗುವುದಿಲ್ಲ, ಅವರ ಟೀಗೆ ನಾವೇ ದುಡ್ಡು ಕೊಡುತ್ತೇವೆ.

ಆದರೆ ಇದರಲ್ಲಿ ಒಂದು ಸಣ್ಣ ಮರ್ಮ ಇದೆ, ಮೇಷ್ಟ್ರಿಗೂ ಹೇಳಿದ್ದೇನೆ, ಒಪ್ಪಲ್ಲ. ಮೊದಲ ವರ್ಷ ಬೈ ಕೊಟ್ಟಿದ್ದು ಮೇಲಿನ ನಾಲ್ಕು ಟೀಮ್‌ಗೆ ಅಲ್ಲ, ಲೀಗ್ ಗೆದ್ದವರಲ್ಲಿ ಮೇಲಿನ ನಾಲ್ವರಿಗೆ. ಹಾಗಾಗಿ ಒಂಬತ್ತನೇ ರ‍್ಯಾಂಕಿನ ಬಾಯ್ಸಿ ಸ್ಟೇಟ್ ಮೂರನೇ ಜಾಗಕ್ಕೆ, ಹನ್ನೆರಡನೇ ರ‍್ಯಾಂಕಿನ ಆರಿಝೋನಾ ಸ್ಟೇಟ್ ನಾಲ್ಕನೇ ಜಾಗಕ್ಕೆ ಬಂದು ಕೂತವು. ಮೇಲಿನವನಿಗೆ ಇದರಿಂದ ನಷ್ಟವೇ ಆಯಿತು. ಆರೆಗನ್ ಒಂದೂ ಸೋಲದೆ ಮೊದಲನೇ ಜಾಗದಲ್ಲಿತ್ತು, ಅಕ್ಟೋಬರ್‌ನಲ್ಲಿ ಓಹಾಯೋ ಸ್ಟೇಟ್ ಮೇಲೆ 32-31ರಲ್ಲಿ ಗೆದ್ದೂ ಇತ್ತು. ಬಹುಮಾನ ಏನು ಸಿಕ್ಕಿತು? ಕ್ವಾರ್ಟರ್ ಫೈನಲ್‌ನಲ್ಲೇ ಮತ್ತೆ ಅದೇ ಓಹಾಯೋ ಸ್ಟೇಟ್. ಒಂದು ಹಂತದಲ್ಲಿ 34-0 ಹಿಂದೆ ಬಿದ್ದು, 41-21ರಲ್ಲಿ ಸೋತು ಮನೆಗೆ. ಆ ಮ್ಯಾಚ್ ನಮಗೆ ಬೆಳಗಿನ ಜಾವ ಮೂರೂವರೆಗೆ ಇತ್ತು, ಹೋಟೆಲ್ ತೆಗೆದಿರಲಿಲ್ಲ. ಕೆಲಸದ ಮಧ್ಯೆಯೇ ಇನ್ನೊಂದು ಕಿಟಕಿಯಲ್ಲಿ ನೋಡಿದೆ, ಒಬ್ಬ ಗ್ರಾಹಕರ ದೂರು ಎರಡು ಸಲ ಕೇಳಬೇಕಾಯಿತು. 2025ರಲ್ಲಿ ಆ ನಿಯಮ ತೆಗೆದು, ರ‍್ಯಾಂಕ್ ಹೇಗಿದೆಯೋ ಹಾಗೇ ಕೂರಿಸಿದರು. ಒಳ್ಳೆಯದಾಯಿತು.

ಮೇಷ್ಟ್ರಿಗೆ ಹದಿನಾರು ಬೇಕು, ಬೈ ಗೊಡವೆಯೇ ಇರುವುದಿಲ್ಲ ಅಂತ. ನಮ್ಮ ಜೀನ್ಸ್ ಗೆಳೆಯನಿಗೆ ಇಪ್ಪತ್ನಾಲ್ಕು ಬೇಕು, ಮಾಲು ಜಾಸ್ತಿ ಇದ್ದಷ್ಟು ವ್ಯಾಪಾರ ಜಾಸ್ತಿ ಅಂತ. ಅವನ ಲೆಕ್ಕವನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಐಪಿಎಲ್‌ನಲ್ಲಿ ಹತ್ತು ಟೀಮಿಗೆ ನಾಲ್ಕು ಪ್ಲೇಆಫ್‌ಗೆ ಹೋಗುತ್ತವೆ, ಅಂದರೆ ನೂರಕ್ಕೆ ನಲವತ್ತು. ಅಲ್ಲಿ 136ಕ್ಕೆ 24 ಮಾಡಿದರೂ ನೂರಕ್ಕೆ ಹದಿನೆಂಟು ದಾಟಲ್ಲ. "2024ರಲ್ಲಿ ನಮ್ಮ ಆರ್‌ಸಿಬಿ ಏಳು ಗೆದ್ದು ಏಳು ಸೋತು, ರನ್ ರೇಟ್ ಮೇಲೆ ನಾಲ್ಕನೇದಾಗಿ ಒಳಗೆ ಹೋದಾಗ ನೀನು ಕುಣೀಲಿಲ್ವಾ? ಅವಾಗ ಎಲ್ಲಿ ಹೋಗಿತ್ತು ನಿನ್ನ ಯೋಗ್ಯತೆ ಮಾತು?" ಅಂತ ಕೇಳಿದ. ಕುಣಿದಿದ್ದೆ. ಚೆನ್ನೈ ಸೋತ ಆ ರಾತ್ರಿ ರಾಯಲ್ ಸರ್ಕಲ್ ತನಕ ಬೈಕ್ ಮೇಲೆ ಹೋಗಿದ್ದೆ. ಅದಕ್ಕೆ ಉತ್ತರ ಕೊಡಲಾಗದೆ ಮಿರ್ಚಿ ಬಾಯಿಗೆ ಹಾಕಿಕೊಂಡೆ.

ಈಗ ಉತ್ತರ ಇದೆ. ಕಾಲೇಜ್ ಫುಟ್‌ಬಾಲ್‌ನ ರುಚಿ ಇರುವುದು ನವೆಂಬರ್‌ನ ಶನಿವಾರಗಳಲ್ಲಿ. 12 ಮ್ಯಾಚ್ ಮಾತ್ರ ಇರುವುದರಿಂದ ಒಂದು ಸೋತರೂ ಜೀವ ಬಾಯಿಗೆ ಬರುತ್ತದೆ. ಓಹಾಯೋ ಸ್ಟೇಟ್ 2024ರಲ್ಲಿ ತನ್ನ ಮನೆಯಲ್ಲೇ ಮಿಷಿಗನ್‌ಗೆ 13-10ರಲ್ಲಿ ಸೋತಿತು. ಅವರಿಬ್ಬರದ್ದು ಹಳೆಯ ವೈರ. ನಮ್ಮ ಹುಡುಗ ಎರಡು ದಿನ ಫೋನ್ ಎತ್ತಲಿಲ್ಲ. ನಾಲ್ಕು ಟೀಮಿನ ಕಾಲ ಆಗಿದ್ದರೆ ಅವರ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆ ಸಲ ಎಂಟನೇ ಜಾಗದಿಂದ ಬಂದು ಕಪ್ಪೇ ಗೆದ್ದರು. ನಮಗೆ ಖುಷಿ, ಸರಿ. ಆದರೆ ಮಿಷಿಗನ್ ಜನರ ಕಡೆಯಿಂದ ಯೋಚಿಸಿ. ವೈರಿಯ ಮನೆಗೆ ಹೋಗಿ ಹೊಡೆದು ಬಂದರೂ ಏನೂ ಆಗಲಿಲ್ಲ, ಅವನು ಕಪ್ಪು ಹಿಡಿದುಕೊಂಡು ನಿಂತಿದ್ದಾನೆ. ಹನ್ನೆರಡರಲ್ಲೇ ಹೀಗಾದರೆ ಇಪ್ಪತ್ನಾಲ್ಕರಲ್ಲಿ ಆ ಶನಿವಾರಕ್ಕೆ ಏನು ಉಳಿಯುತ್ತದೆ? ಮೂರು ಸೋತರೂ ಬಾ, ನಾಲ್ಕು ಸೋತರೂ ಬಾ ಅಂತ ಬಾಗಿಲು ತೆಗೆದಿಟ್ಟಂತೆ. ನಂದು ಹನ್ನೆರಡಕ್ಕೇ ಓಟು.

ಸಣ್ಣ ಟೀಮ್‌ಗಳ ಜಾಗ ಮಾತ್ರ ಮುಟ್ಟಬಾರದು. 2025ರ ತನಕದ ನಿಯಮದಲ್ಲಿ ಲೀಗ್ ಗೆದ್ದವರಲ್ಲಿ ಮೇಲಿನ ಐದು ಟೀಮ್‌ಗೆ ಜಾಗ ಗ್ಯಾರಂಟಿ ಇತ್ತು. 2025ರಲ್ಲಿ ಹಾಗೆ ಟುಲೇನ್, ಜೇಮ್ಸ್ ಮ್ಯಾಡಿಸನ್ ಅನ್ನುವ ಎರಡು ಸಣ್ಣ ಲೀಗಿನ ಟೀಮ್ ಬಂದವು. ಟುಲೇನ್ 41-10ರಲ್ಲಿ ಸೋತಿತು, ಇನ್ನೊಂದು ಆರೆಗನ್ ಕೈಲಿ 51 ಪಾಯಿಂಟ್ ಹೊಡೆಸಿಕೊಂಡರೂ 34 ಹೊಡೆದು ಬಂತು. ಇವರ ಬದಲು ಹೊರಗುಳಿದ ನೋಟರ್ ಡೇಮ್ ಇರಬೇಕಿತ್ತು ಅಂತ ದೊಡ್ಡವರ ಗೋಳು. ಜಿಲ್ಲಾ ಟೀಮಿನಲ್ಲಿ ಆಡಿ ಬೆಂಗಳೂರಿಗೆ ಸೆಲೆಕ್ಷನ್‌ಗೆ ಹೋದವರಿಗೆ ಈ ಮಾತು ಹೊಸದಲ್ಲ. ಮೇಷ್ಟ್ರು ಈ ವಿಷಯ ಬಂದಾಗ ಟೀ ಕೆಳಗಿಟ್ಟು ಮಾತಾಡುತ್ತಾರೆ.

ಇನ್ನು ದುಡ್ಡು. 2026ರಿಂದ ಆರು ವರ್ಷ ಇದನ್ನು ತೋರಿಸಲು ಇಎಸ್‌ಪಿಎನ್ ಟಿವಿಯವರು ವರ್ಷಕ್ಕೆ ಸುಮಾರು 1.3 ಬಿಲಿಯನ್ ಡಾಲರ್ ಕೊಡಲಿದ್ದಾರೆ. ಬಿಗ್ ಟೆನ್, ಎಸ್‌ಇಸಿ ಅನ್ನುವ ಎರಡು ದೊಡ್ಡ ಲೀಗ್‌ಗಳ ಮಾತೇ ಈಗ ನಡೆಯುವುದು. ಒಂದಕ್ಕೆ 24 ಬೇಕು, ಇನ್ನೊಂದಕ್ಕೆ 16 ಬೇಕು. ಇಬ್ಬರೂ ಒಪ್ಪಲಿಲ್ಲ, ಹಾಗಾಗಿ 2026ಕ್ಕೆ ಹನ್ನೆರಡೇ ಉಳಿಯಿತು. ಎಂಟ್ರಿ ಫೀ ಆಸೆಗೆ ಟೀಮ್ ಜಾಸ್ತಿ ಮಾಡಿ, ಲೈಟ್ ಹಾಕಿಸಿ ಬೆಳಗಿನ ಜಾವದ ತನಕ ಆಡಿಸಿದ ಟೂರ್ನಮೆಂಟ್‌ಗಳನ್ನು ನಾವೂ ನೋಡಿದ್ದೇವೆ, ಅಲ್ವಾ?

ಹೋಟೆಲ್ ವಿಷಯಕ್ಕೆ ವಾಪಸ್ ಬರುತ್ತೇನೆ. ಇವರೂ ದೊಡ್ಡದು ಮಾಡಿದ್ದಾರೆ! ನಾನು ಮೊದಲು ಬಂದಾಗ ನಾಲ್ಕೇ ಟೇಬಲ್ ಇತ್ತು. ಹೋದ ವರ್ಷ ಪಕ್ಕದ ಮಳಿಗೆ ಹಿಡಿದು ಗೋಡೆ ಒಡೆಸಿದರು. ಈಗ ಹನ್ನೊಂದು. ಹನ್ನೆರಡನೇದರ ಜಾಗದಲ್ಲಿ ಫ್ರಿಜ್ ಇದೆ. ನಾಲ್ಕೇ ಸರಿ ಅನ್ನುವ ಅಣ್ಣನಿಗೆ ಇದನ್ನು ತೋರಿಸಿದರೆ, "ಅದು ಬೇರೆ, ಇದು ಹೊಟ್ಟೆಪಾಡು" ಅಂತಾರೆ. ಬಾಣಲಿ ಮಾತ್ರ ಅದೇ ಒಂದು, ಅಕ್ಕನ ಕೈಯೂ ಅದೇ ಎರಡು. ಮೊದಲೆಲ್ಲ ಆರ್ಡರ್ ಹೇಳಿದ ಐದು ನಿಮಿಷಕ್ಕೆ ಬರುತ್ತಿದ್ದ ಪ್ಲೇಟ್ ಈಗ ಭಾನುವಾರ ಇಪ್ಪತ್ತು ನಿಮಿಷ. ಏಳೂವರೆ ಮೇಲೆ ಬಂದರೆ ಮಿರ್ಚಿ ಹಿಟ್ಟು ತೆಳ್ಳಗಾಗಿರುತ್ತದೆ, ಶೇಂಗಾ ಚಟ್ನಿಗೆ ನೀರು ಸೇರಿರುತ್ತದೆ. ಇದನ್ನು ಅಕ್ಕನಿಗೇ ಹೇಳಿದೆ. "ನಾಲ್ಕು ಮಂದಿಗೆ ಮಾಡೋದು ಬೇರೆ, ನಲವತ್ತು ಮಂದಿಗೆ ಮಾಡೋದು ಬೇರೆ. ಬೇಗ ಬಾ" ಅಂದರು.

ಇನ್ನೊಂದೆರಡು ಕೊರತೆ. ಟಿವಿ 32 ಇಂಚಿನದ್ದು, ಹಿಂದಿನ ಟೇಬಲ್‌ಗೆ ಸ್ಕೋರ್ ಕಾಣಲ್ಲ. ಆರೂವರೆ ತನಕ ಭಕ್ತಿಗೀತೆ ಹಾಕಲೇಬೇಕು, ಅದರಲ್ಲಿ ರಾಜಿ ಇಲ್ಲ. 2025ರ ಜನವರಿ 21, ಮಂಗಳವಾರ, ಫೈನಲ್ ಬೆಳಿಗ್ಗೆ ಆರಕ್ಕೇ ಶುರು. ದುರ್ಗಮ್ಮನ ಗುಡಿಗೆ ಹೊರಟವರೆಲ್ಲ ಟೀಗೆ ಬಂದಿದ್ದರು. ನೋಟರ್ ಡೇಮ್ ಮೊದಲ ಸಲಕ್ಕೇ ಹತ್ತಿರ ಹತ್ತು ನಿಮಿಷ ಚೆಂಡು ಬಿಡದೆ ಹಿಡಿದುಕೊಂಡು ಟಚ್‌ಡೌನ್ ಮಾಡಿತು, ಅಂದರೆ ಚೆಂಡನ್ನು ಎದುರಾಳಿಯ ಕೊನೆ ಗೆರೆ ದಾಟಿಸಿತು, ಅದನ್ನು ನಾವು ನೋಡಲೇ ಇಲ್ಲ. ಹಾಡು ಮುಗಿದು ತಂತಿ ಸಿಕ್ಕಿಸಿದಾಗ 7-0. ಆಮೇಲೆ ಓಹಾಯೋ ಸ್ಟೇಟ್ 31-7ಕ್ಕೆ ಹೋಗಿ, ಕೊನೆಗೆ 34-23. ಅಣ್ಣ ಆವತ್ತು ನಮ್ಮ ಟೇಬಲ್‌ಗೆ ಮೂರು ಮಿರ್ಚಿ ಪುಕ್ಕಟೆ ಕೊಟ್ಟರು.

2026ರ ಜನವರಿಯಲ್ಲಿ ಇಂಡಿಯಾನಾ ಗೆದ್ದಿತು, ಫೈನಲ್‌ನಲ್ಲಿ ಮಯಾಮಿ ಮೇಲೆ 27-21. ಹದಿನಾರಕ್ಕೆ ಹದಿನಾರು ಗೆಲುವು, ಅವರ ಮೊಟ್ಟಮೊದಲ ಕಪ್ಪು. 2023ರಲ್ಲಿ ಇದೇ ಟೀಮ್ ಒಂಬತ್ತು ಮ್ಯಾಚ್ ಸೋತಿತ್ತು. ಅಣ್ಣ, ನೋಡು ಮೊದಲನೆಯವನೇ ಗೆದ್ದ, ನಾಲ್ಕೇ ಸಾಕಿತ್ತು ಅಂದರು. ಸೋತ ಮಯಾಮಿ ಹತ್ತನೇ ಜಾಗದಿಂದ ಬಂದಿದ್ದು, ನಾಲ್ಕೇ ಇದ್ದಿದ್ದರೆ ಟಿವಿ ಮುಂದೆ ಕೂತಿರುತ್ತಿತ್ತು ಅಂತ ನಾನಂದೆ. ಮೇಷ್ಟ್ರು, ಬೈ ಸಿಕ್ಕವರಲ್ಲಿ ಕೊನೆಗೂ ಒಬ್ಬ ಗೆದ್ದ ಅಂತ ಮುಖ ಸಣ್ಣ ಮಾಡಿಕೊಂಡರು.

ಮಾರ್ಕ್ಸ್ ಕೊಡಬೇಕು ಅಂದರೆ ಒಗ್ಗರಣೆಗೆ ಐದಕ್ಕೆ ಐದು. ಮಿರ್ಚಿಗೆ ಏಳು ಗಂಟೆ ಒಳಗೆ ಐದು, ಆಮೇಲೆ ಮೂರೂವರೆ. ಟೀಗೆ ಮೂರು. ಕೈ ತೊಳೆಯುವ ಜಾಗಕ್ಕೆ ಎರಡು, ಸೋಪು ಇಟ್ಟರೆ ಮೂರು. ಹನ್ನೊಂದಕ್ಕೆಲ್ಲ ಮುಚ್ಚುತ್ತಾರೆ. ಫೋನ್ ಪೇ ನಡೆಯುತ್ತದೆ, ಆದರೂ ಚಿಲ್ಲರೆ ಇಟ್ಟುಕೊಂಡಿರಿ. ಡಿಸೆಂಬರ್ ಮೂರನೇ ವಾರ ಬರುವುದಾದರೆ ಫ್ರಿಜ್ ಪಕ್ಕದ ಮೂಲೆ ಟೇಬಲ್ ಬಿಟ್ಟು ಎಲ್ಲಿ ಬೇಕಾದರೂ ಕೂತುಕೊಳ್ಳಿ. ಅಲ್ಲಿ ಮೇಷ್ಟ್ರು ಡ್ರಾ ಶೀಟ್ ಹರಡಿಕೊಂಡಿರುತ್ತಾರೆ.